ಮೊದಲು ನಿಲ್ಲಲಿ, ಆಮೇಲೆ ಓಡಲಿ

ವರ್ಷಗಟ್ಟಲೆ ನಿಂತಲ್ಲೇ ನಿಂತ ಹಳೇ ಕಾರಿನ ಬಾನೆಟ್ ಎತ್ತಿದವರಿಗೆಲ್ಲ ಮೊದಲು ಬರುವ ಆಸೆ ಒಂದೇ: ಒಂದು ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆದು ನೋಡೋಣ, ಸದ್ದು ಬರುತ್ತದೇನೋ. ಆ ಆಸೆಯನ್ನು ಕೆಲವು ವಾರ ತಡೆದುಕೊಂಡರೆ ಎಂಜಿನ್ ಉಳಿಯುತ್ತದೆ. ಹತ್ತಿಪ್ಪತ್ತು ವರ್ಷ ನಿಂತು ಕೆಟ್ಟಿರುವುದು ಹೆಚ್ಚಾಗಿ ರಬ್ಬರು, ಗ್ಯಾಸ್ಕೆಟ್ಟು, ಎಣ್ಣೆ, ಪೆಟ್ರೋಲು. ಅವನ್ನೆಲ್ಲ ತೆಗೆದು ಹೊಸದು ಹಾಕಬಹುದು. ಆತುರಕ್ಕೆ ಸೆಲ್ಫ್ ಹೊಡೆದ ಅರ್ಧ ನಿಮಿಷದಲ್ಲಿ ಕೆಡುವುದು ಮಾತ್ರ ಬೋರು, ರಿಂಗು, ಪುಶ್‌ರಾಡು, ಬೇರಿಂಗು. ಅದಕ್ಕೆ ಎಂಜಿನ್ನನ್ನೇ ಕೆಳಗಿಳಿಸಬೇಕಾಗುತ್ತದೆ.

ಆದ್ದರಿಂದ ಕೆಲಸದ ಕ್ರಮ ನಮ್ಮ ಆಸೆಗೆ ತಿರುಗುಮುರುಗಾಗಿರಬೇಕು. ಕಾರು ನಿಲ್ಲುವುದನ್ನು ಮೊದಲು ಸರಿಮಾಡಿಕೊಂಡು, ಆಮೇಲೆ ಓಡುವುದರ ಯೋಚನೆ ಮಾಡಬೇಕು. ಎಂಜಿನ್ ಒಮ್ಮೆ ಗುರ್ರೆಂದಿತೆಂದರೆ ಯಾರಿಗೂ ಬ್ರೇಕ್ ಬಿಚ್ಚುವ ತಾಳ್ಮೆ ಉಳಿಯುವುದಿಲ್ಲ. "ಇಲ್ಲೇ ಒಂದು ಸುತ್ತು" ಎಂದು ಹೊರಟ ಕಾರೇ ಗೋಡೆಗೆ ಹೋಗಿ ನಿಲ್ಲುವುದು.

ಸ್ಪ್ಯಾನರ್ ಹಿಡಿಯುವ ಮೊದಲು ಆ ಮಾಡೆಲ್‌ನ ವರ್ಕ್‌ಶಾಪ್ ಮ್ಯಾನ್ಯುಯಲ್ ಕೈಯಲ್ಲಿರಬೇಕು. ಇಲ್ಲಿ ಕೊಡುವ ಅಂಕಿಗಳು ಸಾಮಾನ್ಯವಾಗಿ ಹೊಂದುವಂಥವು. ನಿಮ್ಮ ಕಾರಿನ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದೇ ಸರಿ. ಬ್ಯಾಟರಿ ಇದ್ದರೆ ಕಳಚಿ ಪಕ್ಕಕ್ಕಿಡಿ. ಜಾಕ್ ಕೊಡುವ ಜಾಗದಲ್ಲಿ ತುಕ್ಕು ಎಷ್ಟು ಆಳಕ್ಕಿಳಿದಿದೆ ಎಂದು ಹಳೇ ಸ್ಕ್ರೂಡ್ರೈವರ್‌ನಿಂದ ಚುಚ್ಚಿ ನೋಡಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಕೊಳೆತದ್ದು ಮೊಂಡು ಸದ್ದು ಮಾಡಿ ಒಳಗೆ ಬಿಟ್ಟುಕೊಳ್ಳುತ್ತದೆ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬಾರದು. ಗಟ್ಟಿ ನೆಲ, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡ, ಚಾಸಿಸ್‌ನ ಗಟ್ಟಿ ಭಾಗದ ಕೆಳಗೆ ಸ್ಟ್ಯಾಂಡ್, ಆಮೇಲೆ ಕಾರನ್ನು ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿ ಕೆಳಗೆ ಹೋಗುವುದು. ಏರ್ ಕ್ಲೀನರ್, ಹೀಟರ್ ಡಬ್ಬಿ, ಸೈಲೆನ್ಸರ್ ಕೊಳವೆಗಳಲ್ಲಿ ಇಲಿ ಗೂಡು ಇದ್ದೇ ಇರುತ್ತದೆ ಅಂದುಕೊಳ್ಳಿ. ಅದನ್ನು ಒಣಗಿದ್ದಂತೆಯೇ ಗುಡಿಸಿದರೆ ಇಲಿ ಹಿಕ್ಕೆಯ ದೂಳು ಶ್ವಾಸಕೋಶಕ್ಕೆ ಹೋಗುತ್ತದೆ, ಅದರಿಂದ ಬರುವ ರೋಗಗಳು ಸಣ್ಣವಲ್ಲ. ಸೋಂಕುನಾಶಕ ಚಿಮುಕಿಸಿ ನೆನೆಸಿ, ಮಾಸ್ಕ್ ಗ್ಲೌಸ್ ಹಾಕಿಕೊಂಡು ತೆಗೆಯಿರಿ.

ಈಗ ಬ್ರೇಕು. ಎಲ್ಲರೂ ಮಾಡುವ ಮೊದಲ ಕೆಲಸವೆಂದರೆ ಒಳಗೆ ಕೂತು ಪೆಡಲನ್ನು ದಬದಬ ತುಳಿಯುವುದು. ದಯವಿಟ್ಟು ತುಳಿಯಬೇಡಿ. ಕಾರು ಓಡುತ್ತಿದ್ದ ಕಾಲದಲ್ಲಿ ಮಾಸ್ಟರ್ ಸಿಲಿಂಡರಿನ (ಪೆಡಲಿನ ಒತ್ತನ್ನು ಬ್ರೇಕ್ ಆಯಿಲ್‌ಗೆ ದಾಟಿಸುವ ಸಿಲಿಂಡರು) ಪಿಸ್ಟನ್ ತನ್ನ ದಾರಿಯ ಮೊದಲರ್ಧದಲ್ಲಷ್ಟೇ ಓಡಾಡಿರುತ್ತದೆ. ಆಚೆಯ ಅರ್ಧದಲ್ಲಿ ನೀರು ಹೀರಿದ ಬ್ರೇಕ್ ಆಯಿಲ್ ಕೂತು ತುಕ್ಕು, ಗಸಿ ಕಟ್ಟಿರುತ್ತದೆ. ಪೆಡಲ್ ತಳ ಮುಟ್ಟಿದಾಗ ಪಿಸ್ಟನ್ನಿನ ರಬ್ಬರ್ ಸೀಲು ಆ ಒರಟು ಜಾಗದ ಮೇಲೆ ಹಾದು ಅಂಚು ಹರಿದುಕೊಳ್ಳುತ್ತದೆ. ಪೆಡಲ್ ಗಟ್ಟಿಯಾಗಿದೆ ಎಂದು ಸಮಾಧಾನಪಟ್ಟ ಮರುದಿನವೇ ಅದು ಸದ್ದಿಲ್ಲದೆ ಕೆಳಗಿಳಿಯುವುದು ಇದರಿಂದಲೇ.

ನಾಲ್ಕೂ ಚಕ್ರದ ಬ್ರೇಕ್ ಡ್ರಮ್ ಬಿಚ್ಚಲೇಬೇಕು. ಡ್ರಮ್ ಬರದಿದ್ದರೆ ಮೊದಲು ಅಡ್ಜಸ್ಟರನ್ನು ಹಿಂದಕ್ಕೆ ತಿರುಗಿಸಿ, ಡ್ರಮ್ಮಿಗೆ ಒಳಗಿನಿಂದ ಒತ್ತುವ ಬ್ರೇಕ್ ಶೂ ಸಡಿಲಿಸಿ; ಒಳಗೆ ಸವೆದ ಗುಂಡಿಗೆ ಶೂ ಸಿಕ್ಕಿಕೊಂಡಿರುತ್ತದೆ. ಡ್ರಮ್ಮಿನ ಅಂಚಿಗೆ ಸುತ್ತಿಗೆಯಿಂದ ಹೊಡೆಯಬಾರದು, ಅದು ಬೀಡುಕಬ್ಬಿಣ, ಚಕ್ಕೆ ಏಳುತ್ತದೆ. ಹಬ್ ಸುತ್ತ ಪೆನಿಟ್ರೇಟಿಂಗ್ ಆಯಿಲ್ ಬಿಟ್ಟು ಒಂದು ರಾತ್ರಿ ಕಾಯಿರಿ, ಆಮೇಲೆ ಪುಲ್ಲರ್ ಹಾಕಿ. ಹಳೇ ಲೈನಿಂಗ್‌ನಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್, ಇರುವ ಸಂಭವ ಹೆಚ್ಚು. ಒಳಗಿನ ದೂಳಿಗೆ ಕಂಪ್ರೆಸರ್ ಗಾಳಿ ಹೊಡೆಯಲೇಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಬಿಸಾಡಬೇಕು. ಶೂ ಮೇಲೆ ಲೈನಿಂಗ್ ದಪ್ಪವಾಗಿಯೇ ಕಂಡರೂ ನಂಬಬೇಡಿ. ಅಂಟಿಸಿದ ಲೈನಿಂಗ್ ಆದರೆ ಅಂಟಿನ ಕೆಳಗೆ ತುಕ್ಕು ನುಗ್ಗಿ, ಮೊದಲ ಜೋರು ಬ್ರೇಕಿಗೆ ಇಡೀ ಪಟ್ಟಿ ಕಳಚಿ ಡ್ರಮ್ಮಿನೊಳಗೆ ಅಡ್ಡ ಸಿಕ್ಕಿಕೊಂಡು ಚಕ್ರವೇ ಲಾಕ್ ಆಗಬಹುದು.

ವೀಲ್ ಸಿಲಿಂಡರಿನ ರಬ್ಬರ್ ಟೊಪ್ಪಿಯನ್ನು ಉಗುರಿನಿಂದ ಎತ್ತಿ ನೋಡಿ. ಒಳಗೆ ಒದ್ದೆಯಿದ್ದರೆ ಸೋರುತ್ತಿದೆ. ಕಂದು ಪುಡಿಯಿದ್ದರೆ ಪಿಸ್ಟನ್ ಹಿಡಿದಿದೆ. ಬೋರಿನ ಮೇಲೆ ಬರೀ ಕಲೆಯಿದ್ದರೆ ನಯವಾಗಿ ಹೋನ್ ಮಾಡಿ (ಉಜ್ಜುಕಲ್ಲಿನಿಂದ ತಿಕ್ಕಿ) ಹೊಸ ಸೀಲ್ ಹಾಕಬಹುದು. ಉಗುರಿಗೆ ಗುಂಡಿ ತಾಕಿದರೆ ಸಿಲಿಂಡರನ್ನೇ ಬದಲಿಸಿ, ಹೊಸದು ಸಿಗದಿದ್ದರೆ ಹಿತ್ತಾಳೆಯ ಇಲ್ಲವೇ ಸ್ಟೇನ್‌ಲೆಸ್ ಸ್ಲೀವ್ ಹಾಕಿಸಿ. ಜೋಡಿಸುವಾಗ ಸೀಲಿಗೆ ಹೊಸ ಬ್ರೇಕ್ ಆಯಿಲ್ ಅಥವಾ ಕೆಂಪು ರಬ್ಬರ್ ಗ್ರೀಸ್ ಮಾತ್ರ ಸವರಬೇಕು. ಮಾಮೂಲಿ ಗ್ರೀಸು ತಾಕಿದರೆ ರಬ್ಬರ್ ಊದಿಕೊಂಡು ಸಿಲಿಂಡರಿನಲ್ಲೇ ಬಿಗಿಯುತ್ತದೆ.

ರಬ್ಬರ್ ಹೋಸುಗಳು ಹೊರಗೆ ಚೆನ್ನಾಗಿ ಕಂಡರೂ ಎಲ್ಲವನ್ನೂ ಬದಲಿಸಿ. ಹಳೇ ಹೋಸ್ ಒಳಗೊಳಗೇ ಊದಿ ದಾರಿ ಕಿರಿದಾಗಿರುತ್ತದೆ. ಪೆಡಲ್ ತುಳಿದಾಗ ಒತ್ತಡಕ್ಕೆ ಆಯಿಲ್ ಆಚೆ ಹೋಗುತ್ತದೆ, ಕಾಲು ತೆಗೆದಾಗ ಹಿಂದೆ ಬರುವುದಿಲ್ಲ. ಆ ಚಕ್ರದ ಬ್ರೇಕ್ ಹಿಡಿದುಕೊಂಡೇ ಇರುತ್ತದೆ, ಕಾದು ಹೊಗೆ ಬರುತ್ತದೆ. ತುಕ್ಕು ಹಿಡಿದ ಕಬ್ಬಿಣದ ಪೈಪುಗಳ ಜಾಗಕ್ಕೆ ತಾಮ್ರ-ನಿಕಲ್ ಮಿಶ್ರಲೋಹದ ಪೈಪು ಒಳ್ಳೆಯದು. ಬಗ್ಗಿಸಲು ಸುಲಭ, ತುಕ್ಕು ಹಿಡಿಯುವುದಿಲ್ಲ. ತುದಿಯ ಫ್ಲೇರ್, ಅಂದರೆ ಅಗಲಿಸಿದ ಬಾಯಿ, ಮೂಲದಲ್ಲಿ ಯಾವ ಆಕಾರದಲ್ಲಿತ್ತೋ ಅದೇ ಆಕಾರದಲ್ಲಿರಬೇಕು. ಡಬಲ್ ಫ್ಲೇರ್ ಕೂರುವ ಜಾಗಕ್ಕೆ ಬಬಲ್ ಫ್ಲೇರ್ ಹಾಕಿ ಎಷ್ಟು ಬಿಗಿದರೂ ಸೋರುವುದು ನಿಲ್ಲದು.

ಆಯಿಲ್ ವಿಷಯ. ಬ್ರೇಕ್ ಆಯಿಲ್ ದರ್ಜೆಗಳಲ್ಲಿ ಡಾಟ್ 3, ಡಾಟ್ 4, ಡಾಟ್ 5.1 ಇವು ಗ್ಲೈಕಾಲ್ ಜಾತಿ, ಗಾಳಿಯ ತೇವ ಹೀರುತ್ತವೆ. ಡಾಟ್ 4ರ ಕುದಿಯುವ ಬಿಂದು ಹೊಸದರಲ್ಲಿ ಕನಿಷ್ಠ 230 ಡಿಗ್ರಿ, ಶೇ. 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಇಳಿಜಾರಿನಲ್ಲಿ ಬ್ರೇಕ್ ಕಾದಾಗ ಆ ನೀರು ಹಬೆಯಾಗುತ್ತದೆ, ಪೆಡಲ್ ಹತ್ತಿಯಂತೆ ಮೆತ್ತಗಾಗುತ್ತದೆ. ಡಾಟ್ 5 ಸಿಲಿಕೋನ್, ಅದನ್ನು ಉಳಿದವುಗಳ ಜೊತೆ ಬೆರೆಸಬಾರದು. ಹಸಿರು ಖನಿಜ ತೈಲ ಬಳಸುವ ಸಿಟ್ರೊಯೆನ್‌ನಂಥ ಕಾರಿಗೆ ಗ್ಲೈಕಾಲ್ ಹಾಕಿದರೆ ಅಷ್ಟೂ ಸೀಲುಗಳು ಹಾಳಾಗುತ್ತವೆ. ಪೈಪಿನೊಳಗಿನ ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಚಕ್ರದಿಂದ ಶುರುಮಾಡಿ. ಕೊನೆಗೆ ಪೆಡಲನ್ನು ಬಲವಾಗಿ ಒತ್ತಿ ಒಂದು ನಿಮಿಷ ಹಾಗೇ ಹಿಡಿಯಿರಿ. ಕೂದಲೆಳೆಯಷ್ಟೂ ಇಳಿಯಬಾರದು. 1960ರ ದಶಕದ ಮಧ್ಯದವರೆಗಿನ ಬಹುತೇಕ ಕಾರುಗಳಲ್ಲಿ ಬ್ರೇಕಿಗೆ ಒಂದೇ ಸರ್ಕ್ಯೂಟ್, ಎಲ್ಲಿ ಸೋರಿದರೂ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಆದ್ದರಿಂದ ಹ್ಯಾಂಡ್‌ಬ್ರೇಕ್ ಕೇಬಲನ್ನೂ ಇದೇ ಹಂತದಲ್ಲಿ ಸರಿಮಾಡಿ, ಅದೊಂದೇ ಕಾರನ್ನು ನಿಲ್ಲಿಸುವಂತಿರಬೇಕು.

ಇಷ್ಟಾದ ಮೇಲೆ ಎಂಜಿನ್. ನಿಂತ ಎಂಜಿನ್ನಿನಲ್ಲಿ ಒಂದೋ ಎರಡೋ ಸಿಲಿಂಡರಿನ ವಾಲ್ವ್ ತೆರೆದೇ ಇರುತ್ತದೆ. ಅಲ್ಲಿಂದ ತೇವದ ಗಾಳಿ ಒಳಹೊಕ್ಕು ರಿಂಗಿಗೂ ಬೋರಿಗೂ ನಡುವೆ ತೆಳ್ಳಗೆ ತುಕ್ಕು ಕಟ್ಟುತ್ತದೆ. ಸ್ಪಾರ್ಕ್ ಪ್ಲಗ್‌ಗಳ ಸುತ್ತಲಿನ ಕಸ ಊದಿ, ಪ್ಲಗ್ ಬಿಚ್ಚಿ, ಸಿಲಿಂಡರಿಗೆ 15–20 ಮಿಲಿಲೀಟರಿನಷ್ಟು ತೆಳು ಎಣ್ಣೆ ಬಿಡಿ. ಆಟೋಮ್ಯಾಟಿಕ್ ಗೇರ್ ಆಯಿಲ್‌ಗೆ ಅಷ್ಟೇ ಅಸಿಟೋನ್ ಬೆರೆಸಿ ಬಿಡುವವರೂ ಇದ್ದಾರೆ. ಅದು ಸಂದಿಗೆ ಬೇಗ ಇಳಿಯುತ್ತದೆ ನಿಜ, ಆದರೆ ಬೆಂಕಿಗೆ ಬೇಗ ಹತ್ತಿಕೊಳ್ಳುವ ದ್ರವ, ಪೇಂಟನ್ನೂ ತಿನ್ನುತ್ತದೆ. ಒಂದು ವಾರ ಬಿಡಿ, ನಡುವೆ ಇನ್ನೊಮ್ಮೆ ಹಾಕಿ.

ಈ ಬಿಡುವಿನಲ್ಲಿ ಎಂಜಿನ್ ತಳದ ಆಯಿಲ್ ಪ್ಲಗ್ ಸಡಿಲಿಸಿ ನೋಡಿ. ಮೊದಲು ಬರುವ ಕೆಲವು ಹನಿಗಳು ಬಹಳಷ್ಟು ಹೇಳುತ್ತವೆ: ತಳದಲ್ಲಿ ಕೂತ ನೀರು ಮೊದಲು ಬರುತ್ತದೆ. ಒಂದೆರಡು ಚಮಚ ತಿಳಿನೀರು ಬರೀ ತೇವ ತಣಿದು ಸೇರಿದ್ದು. ಲೋಟಗಟ್ಟಲೆ ನೀರು, ಅದರಲ್ಲೂ ಕೂಲೆಂಟ್ ಬಣ್ಣದ್ದು ಬಂದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಥವಾ ಬ್ಲಾಕ್ ಬಿರಿದಿದೆ, ಮುಂದಿನ ಕೆಲಸ ಹೆಡ್ ಬಿಚ್ಚಿದ ಮೇಲೆಯೇ. ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆಯಿದ್ದರೆ ಫ್ಯುಯೆಲ್ ಪಂಪಿನ ಡಯಾಫ್ರಾಮ್ ಹರಿದು ಪೆಟ್ರೋಲ್ ಕೆಳಗಿಳಿದಿದೆ ಎಂದೇ ಅನುಮಾನಿಸಬೇಕು.

ತಿರುಗಿಸುವುದು ಕೈಯಿಂದಲೇ, ನ್ಯೂಟ್ರಲ್‌ನಲ್ಲಿ, ಪ್ಲಗ್ ಇಲ್ಲದೆ, ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಸಾಕೆಟ್ ಹಾಕಿ, ಎಂಜಿನ್ ಓಡುವ ದಿಕ್ಕಿಗೆ. ಬಂತೆಂದರೆ ಎರಡು ಪೂರ್ತಿ ಸುತ್ತು ತಿರುಗಿಸಿ, ಆಗ ಪ್ರತಿ ವಾಲ್ವ್ ಒಮ್ಮೆ ತೆರೆದು ಮುಚ್ಚುತ್ತದೆ. ರಾಕರ್ ಕವರ್ ತೆಗೆದಿಟ್ಟು ಒಬ್ಬರು ನೋಡುತ್ತಿರಬೇಕು. ರಾಕರ್ ಒತ್ತಿ ಎದ್ದ ಮೇಲೂ ವಾಲ್ವ್ ಮೇಲಕ್ಕೆ ಬರದೆ ನಡುವೆ ಸಂದು ಕಂಡರೆ ವಾಲ್ವ್ ಗೈಡಿನಲ್ಲಿ ಸಿಕ್ಕಿಕೊಂಡಿದೆ. ಅಲ್ಲೇ ನಿಲ್ಲಿಸಿ, ಕಾಂಡಕ್ಕೆ ಎಣ್ಣೆ ಬಿಟ್ಟು ಮರದ ತುಂಡಿನಿಂದ ಮೆಲ್ಲಗೆ ತಟ್ಟಿ ಬಿಡಿಸಬೇಕು. ಸೆಲ್ಫ್ ಹೊಡೆದಿದ್ದರೆ ಇದೇ ಜಾಗದಲ್ಲಿ ಪುಶ್‌ರಾಡ್ ಬಗ್ಗುತ್ತಿತ್ತು. ಎಂಜಿನ್ ತಿರುಗದಿದ್ದರೆ ಸಾಕೆಟಿಗೆ ಉದ್ದನೆಯ ಪೈಪ್ ಸಿಕ್ಕಿಸಿ ತೂಗಬೇಡಿ, ಟಾಪ್ ಗೇರಿಗೆ ಹಾಕಿ ಇನ್ನೊಂದು ಗಾಡಿಯಿಂದ ಎಳೆಸಲೂ ಬೇಡಿ. ಮತ್ತೊಂದು ವಾರ ನೆನೆಸಿ. ಆಗಲೂ ಬಾರದಿದ್ದರೆ ಹೆಡ್ ತೆಗೆಯುವುದೇ ಅಗ್ಗದ ದಾರಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಸ್ಟಾರ್ಟ್ ಮಾಡುವ ಮೊದಲೇ ಬೆಲ್ಟ್, ಟೆನ್ಷನರ್ ಎರಡನ್ನೂ ಬದಲಿಸಿ. ಹಲ್ಲು ಚೆನ್ನಾಗಿಯೇ ಕಾಣುವ ಹಳೇ ಬೆಲ್ಟ್ ಮೊದಲ ಸುತ್ತಿನಲ್ಲಿ ತುಂಡಾದರೆ ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವಿಗೆ ಬಡಿಯುತ್ತದೆ.

ಸಿಲಿಂಡರಿಗೆ ಬಿಟ್ಟ ಎಣ್ಣೆ ಹೊರಗೆ ಹೋಗುವ ಮುಂಚೆ ಪ್ಲಗ್ ಹಾಕಬಾರದು. ದ್ರವ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಹೊಸ ಫಿಲ್ಟರ್, ಹೊಸ ಆಯಿಲ್ ಹಾಕಿ. ಫ್ಲಾಟ್ ಟ್ಯಾಪೆಟ್ (ಕ್ಯಾಮ್ ಮೇಲೆ ಉಜ್ಜಿಕೊಂಡು ಏಳುವ ಚಪ್ಪಟೆ ತಳದ ಭಾಗ) ಇರುವ ಹಳೇ ಎಂಜಿನ್ನಿಗೆ ಸತು-ರಂಜಕದ ಅಂಶ ಸಾಕಷ್ಟಿರುವ ಆಯಿಲ್ ಬೇಕು, ಇಲ್ಲದಿದ್ದರೆ ಕ್ಯಾಮ್ ಸವೆಯುತ್ತದೆ.

ಪೆಟ್ರೋಲ್ ಟ್ಯಾಂಕನ್ನು ಬಯಲಿನಲ್ಲಿ ಖಾಲಿ ಮಾಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಗುಂಟ ಹರಿದು ದೂರದ ಕಿಡಿಯವರೆಗೂ ಹೋಗುತ್ತದೆ, ಪಿಟ್‌ನೊಳಗೆ ತುಂಬಿಕೊಳ್ಳುತ್ತದೆ. ಬಾಯಿಂದ ಎಳೆಯುವುದು ಬೇಡವೇ ಬೇಡ. ಹಳೇ ಪೇಂಟಿನಂತೆ ನಾರುವ ಪೆಟ್ರೋಲ್ ಗೋಂದಾಗಿ ಕೊಳವೆ ಕಟ್ಟಿಸುತ್ತದೆ. ಎಥನಾಲ್ ಬೆರೆತದ್ದಾದರೆ ನೀರು ಹೀರಿ ಎರಡು ಪದರವಾಗಿ, ಕೆಳಗಿನ ಪದರ ಟ್ಯಾಂಕಿನ ತಳವನ್ನೂ ಕಾರ್ಬುರೇಟರನ್ನೂ ತಿನ್ನುತ್ತದೆ. ತೂತು ಬಿದ್ದ ಟ್ಯಾಂಕಿಗೆ ನೀವೇ ವೆಲ್ಡಿಂಗ್ ಮಾಡಹೋಗಬೇಡಿ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕ್ ಹೆಚ್ಚು ಅಪಾಯ. ಮೊದಲ ಸ್ಟಾರ್ಟಿಗೆ ಹಳೇ ಟ್ಯಾಂಕ್ ಬೇಕಾಗಿಯೂ ಇಲ್ಲ. ಇಂಧನಕ್ಕೆಂದೇ ಮಾಡಿದ ಒಂದೆರಡು ಲೀಟರಿನ ಕ್ಯಾನು, ಒಂದು ಫಿಲ್ಟರ್, ಬಂದ್ ಮಾಡುವ ಕಾಕ್ ಸಾಕು. ಅದನ್ನು ಸೈಲೆನ್ಸರ್, ಬ್ಯಾಟರಿಗಳಿಂದ ದೂರಕ್ಕೆ ಗಟ್ಟಿಯಾಗಿ ಕಟ್ಟಿ. ರಬ್ಬರ್ ಪೈಪೆಲ್ಲ ಎಥನಾಲ್ ತಡೆಯುವ ಎಸ್‌ಎಇ ಜೆ30 ಆರ್9 ಗುರುತಿನದ್ದಾಗಿರಲಿ.

ಕಾರ್ಬುರೇಟರ್ ಬಿಚ್ಚುವಾಗ ಹೆಜ್ಜೆಹೆಜ್ಜೆಗೂ ಫೋಟೊ ತೆಗೆಯಿರಿ. ಹಿತ್ತಾಳೆ ಫ್ಲೋಟನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕುಳುಕು ಸದ್ದು ಬಂದರೆ ತೂತಿದೆ. ಸದ್ದಿಲ್ಲದಿದ್ದರೂ ಬಿಸಿನೀರಿನಲ್ಲಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ನೋಡಿ. ತೂತಿದ್ದ ಫ್ಲೋಟ್ ಮುಳುಗುತ್ತದೆ, ಪೆಟ್ರೋಲ್ ಉಕ್ಕಿ ಬಿಸಿ ಮ್ಯಾನಿಫೋಲ್ಡ್ ಮೇಲೆ ಸುರಿಯುತ್ತದೆ. ಹಳೇ ಕಾರಿಗೆ ಬೆಂಕಿ ಬೀಳುವ ಮುಖ್ಯ ದಾರಿಗಳಲ್ಲಿ ಇದೊಂದು. ಜೆಟ್ ಒಳಗೆ ಉಕ್ಕಿನ ತಂತಿ ತೂರಿಸಬಾರದು, ಮೆತ್ತನೆ ಹಿತ್ತಾಳೆ ಸವೆದು ಅಳತೆ ಕೆಡುತ್ತದೆ. ನೀಡಲ್ ತುದಿಯಲ್ಲಿ ಉಂಗುರದಂಥ ಗೆರೆ ಬಿದ್ದಿದ್ದರೆ ಹೊಸದು ಹಾಕಿ. ಕೊನೆಗೆ ಆಕ್ಸಿಲರೇಟರ್ ಒತ್ತಿ ಬಿಡಿ: ಸ್ಪ್ರಿಂಗಿಗೆ ಥ್ರಾಟಲ್ ಫಟ್ಟನೆ ಮುಚ್ಚಬೇಕು. ಮುಚ್ಚದಿದ್ದರೆ ಸ್ಟಾರ್ಟ್ ಮಾಡುವ ಮಾತೇ ಇಲ್ಲ.

ವೈರಿಂಗ್ ಬಗ್ಗೆ ಒಂದು ಪುಟ್ಟ ಉಪಾಯ ಹೇಳಲೇಬೇಕು. ಬ್ಯಾಟರಿಯನ್ನು ನೇರವಾಗಿ ಜೋಡಿಸದೆ, ನಡುವೆ 12 ವೋಲ್ಟಿನ 21 ವ್ಯಾಟ್ ಇಂಡಿಕೇಟರ್ ಬಲ್ಬನ್ನು ಸರಣಿಯಲ್ಲಿ ಕೊಡಿ. ಒಳಗೆ ಎಲ್ಲಾದರೂ ಬೆತ್ತಲೆ ತಂತಿ ಕಾರಿನ ಲೋಹದ ಮೈಗೆ ತಾಕುತ್ತಿದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ; ಹರಿಯುವ ಕರೆಂಟ್ ಎರಡು ಆಂಪಿಯರಿನೊಳಗೇ ಇರುವುದರಿಂದ ಸಾಮಾನ್ಯವಾಗಿ ಯಾವ ತಂತಿಯೂ ಸುಡುವಷ್ಟು ಕಾಯುವುದಿಲ್ಲ. ಎಲ್ಲ ಸ್ವಿಚ್ ಆಫ್ ಇದ್ದಾಗ ಬಲ್ಬ್ ಆರಿರಬೇಕು. ಒಂದೊಂದೇ ಸ್ವಿಚ್ ಹಾಕುತ್ತ ಹೋದರೆ ತಪ್ಪಿರುವ ಸಾಲು ತಾನೇ ಸಿಗುತ್ತದೆ. ಸೆಲ್ಫ್ ಮಾತ್ರ ಈ ಬಲ್ಬಿನ ಮೂಲಕ ತಿರುಗುವುದಿಲ್ಲ, ಅದಕ್ಕೆ ಪರೀಕ್ಷೆಯೆಲ್ಲ ಮುಗಿದ ಮೇಲೆ ನೇರ ಸಂಪರ್ಕ, ಜೊತೆಗೆ ಬ್ಯಾಟರಿ ಸಂಪರ್ಕ ಕಡಿಯುವ ಒಂದು ಐಸೊಲೇಟರ್ ಸ್ವಿಚ್. 1960ರ ದಶಕದವರೆಗಿನ ಅನೇಕ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯನ್ನೇ ಕಾರಿನ ಮೈಗೆ ಜೋಡಿಸಿರುತ್ತಾರೆ, ಮೊದಲು ಅದನ್ನು ಖಚಿತ ಮಾಡಿಕೊಳ್ಳಿ. ಎಂಜಿನ್‌ನಿಂದ ಕಾರಿನ ಮೈಗೆ ಹೋಗುವ ಅರ್ಥ್ ಪಟ್ಟಿ ಕಡಿದಿದ್ದರೆ ಸೆಲ್ಫ್ ಕರೆಂಟು ಚೋಕ್ ಕೇಬಲ್ ಮೂಲಕ ದಾರಿ ಹುಡುಕಿಕೊಂಡು, ಆ ಕೇಬಲ್ ಕೆಂಪಗೆ ಕಾಯುತ್ತದೆ.

ಡಿಸ್ಟ್ರಿಬ್ಯೂಟರಿನೊಳಗೆ ಕಿಡಿಗಾಗಿ ಕರೆಂಟನ್ನು ಕೂಡಿಸಿ ಕಡಿಯುವ ಪಾಯಿಂಟ್ ಮೇಲೆ ಬೂದು ಪೊರೆ ಕಟ್ಟಿರುತ್ತದೆ. ನಯವಾದ ಉಜ್ಜುಕಾಗದದಿಂದ ಉಜ್ಜಿ, ಆಮೇಲೆ ಎಣ್ಣೆಯಿಲ್ಲದ ದಪ್ಪ ಕಾಗದ ಎಳೆದು ಒರೆಸಿ. ಅನೇಕ ನಾಲ್ಕು ಸಿಲಿಂಡರ್ ಎಂಜಿನ್‌ಗಳಿಗೆ ಸಂದು 0.35ರಿಂದ 0.40 ಮಿ.ಮೀ., ಪ್ಲಗ್ ಸಂದು ಸುಮಾರು 0.6. ಕೂಲೆಂಟ್ ಹೊರಹಾಕಿ ರೇಡಿಯೇಟರನ್ನು ಕೆಳಗಿನಿಂದ ಮೇಲಕ್ಕೆ ನೀರು ಹಾಯಿಸಿ ತೊಳೆಯಿರಿ. ಹೋಸು, ಫ್ಯಾನ್ ಬೆಲ್ಟ್ ಹೊಸದು. ಥರ್ಮೋಸ್ಟಾಟನ್ನು ಬಿಸಿನೀರಿನಲ್ಲಿಟ್ಟು ಅದರ ಮೇಲೆ ಬರೆದ ಶಾಖಕ್ಕೆ ತೆರೆಯುತ್ತದೆಯೇ ನೋಡಿ. ಹಳೇ ಕೂಲೆಂಟ್ ಸಿಹಿ ವಿಷ, ನಾಯಿ ಬೆಕ್ಕುಗಳು ನೆಕ್ಕಿ ಸಾಯುತ್ತವೆ, ಪಾತ್ರೆ ತೆರೆದಿಡಬೇಡಿ.

ಸ್ಟಾರ್ಟ್ ಮಾಡುವುದು ಬಯಲಿನಲ್ಲಿ. ಮುಚ್ಚಿದ ಶೆಡ್ಡಿನಲ್ಲಿ ಕಾರ್ಬನ್ ಮೊನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ. ಅಗ್ನಿಶಾಮಕ ಕೈಗೆಟುಕುವಲ್ಲಿರಲಿ, ಒಬ್ಬರ ಕೈ ಐಸೊಲೇಟರ್ ಮೇಲಿರಲಿ. ಮೊದಲು ಇಗ್ನಿಷನ್ ಕಾಯಿಲ್ ಸಂಪರ್ಕ ತೆಗೆದು, ಪ್ಲಗ್ ಹಾಕದೆ, ಪ್ಲಗ್ ತೂತುಗಳ ಮೇಲೆ ಬಟ್ಟೆ ಮುಚ್ಚಿ ಸೆಲ್ಫ್ ಹೊಡೆಯಿರಿ: ಒಮ್ಮೆಗೆ ಹತ್ತು ಸೆಕೆಂಡ್, ನಡುವೆ ಒಂದು ನಿಮಿಷ ಬಿಡುವು. ಆಯಿಲ್ ಪ್ರೆಶರ್ ಮುಳ್ಳು ಏಳುವವರೆಗೂ ಪ್ಲಗ್ ಹಾಕುವಂತಿಲ್ಲ. ಎಷ್ಟು ಹೊಡೆದರೂ ಏಳದಿದ್ದರೆ ಪಂಪ್ ಒಣಗಿದೆ, ಅದನ್ನು ಆಯಿಲ್‌ನಿಂದ ತುಂಬಿಸಬೇಕು. ನಂತರ ಪ್ಲಗ್, ಪೆಟ್ರೋಲ್, ಇಗ್ನಿಷನ್. ಬಾಟಲಿಯಿಂದ ಕಾರ್ಬುರೇಟರಿನ ಬಾಯಿಗೆ ಪೆಟ್ರೋಲ್ ಸುರಿಯುವ ಅಭ್ಯಾಸ ಬಹಳ ಜನರಿಗಿದೆ. ಒಂದು ಬ್ಯಾಕ್‌ಫೈರ್ ಸಾಕು, ಕೈಯಲ್ಲಿರುವ ಬಾಟಲಿಯೇ ಹೊತ್ತಿಕೊಳ್ಳುತ್ತದೆ.

ಹತ್ತಿಕೊಂಡ ಕೂಡಲೇ ರೇಸ್ ಮಾಡಬೇಡಿ. ಹತ್ತು ಸೆಕೆಂಡಿನಲ್ಲಿ ಪ್ರೆಶರ್ ಕಾಣದಿದ್ದರೆ ಆಫ್. ಕಂಡರೂ ಅರ್ಧ ನಿಮಿಷಕ್ಕೆ ನಿಲ್ಲಿಸಿ, ಎಲ್ಲೆಲ್ಲಿ ಸೋರುತ್ತಿದೆ ಎಂದು ಟಾರ್ಚ್ ಹಾಕಿ ನೋಡಿ. ಮೊದಲ ಕೆಲವು ನಿಮಿಷದ ನೀಲಿ ಹೊಗೆ ಸಿಲಿಂಡರಿಗೆ ಬಿಟ್ಟ ಎಣ್ಣೆಯದು, ಹೆದರಬೇಕಿಲ್ಲ. ಬಿಸಿಯಾದ ಮೇಲೂ ನಿಲ್ಲದ, ಸಿಹಿ ವಾಸನೆಯ ಬಿಳಿ ಹೊಗೆ ಬಂದರೆ ಹೆಡ್ ಗ್ಯಾಸ್ಕೆಟ್. ಪೂರ್ತಿ ಬಿಸಿಯಾಗುವಷ್ಟು ಒಮ್ಮೆ ಓಡಿಸಿ ಆ ಬಿಸಿಯಲ್ಲೇ ಆಯಿಲ್ ಮತ್ತೆ ಬದಲಿಸಿ, ಕೊಳೆಯೆಲ್ಲ ಈಗ ಬರುತ್ತದೆ. ಕಂಪ್ರೆಷನ್ ಅಳೆದು ನಿರಾಶರಾಗುವ ಅವಸರವೂ ಬೇಡ. ಅಂಟಿದ ರಿಂಗು ಒಂದೆರಡು ತಾಸು ಓಡಿದ ಮೇಲೆ ಬಿಡಿಸಿಕೊಳ್ಳುವುದುಂಟು, ಒಣಗಿದ ಆಯಿಲ್ ಸೀಲೂ ಕೆಲವೊಮ್ಮೆ ತಾನಾಗಿ ಹದಕ್ಕೆ ಬರುತ್ತದೆ.

ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟಿರುವುದು ಗೊತ್ತಾಗುವುದು ಈ ಹಂತದಲ್ಲೇ. ಪೆಡಲ್ ಒತ್ತಿದರೂ ಗೇರ್ ಬೀಳದೆ ಗರ್ ಎನ್ನುತ್ತದೆ. ಪೆಡಲನ್ನು ಒತ್ತಿ ಮರದ ತುಂಡು ಕೊಟ್ಟು ಕೆಲವು ದಿನ ಬಿಟ್ಟರೆ, ಎಂಜಿನ್ ಬಿಸಿಯಾದಾಗ ಬಿಡಿಸಿಕೊಳ್ಳಬಹುದು. ಇಲ್ಲವಾದರೆ ಗೇರ್ ಬಾಕ್ಸ್ ಇಳಿಸಬೇಕು. ಹಿತ್ತಾಳೆ ಸಿಂಕ್ರೊ (ಗೇರುಗಳ ವೇಗ ಹೊಂದಿಸುವ ಉಂಗುರ) ಇರುವ ಹಳೇ ಗೇರ್ ಬಾಕ್ಸಿಗೆ ಜಿಎಲ್-4 ದರ್ಜೆಯ ಆಯಿಲ್ ಕೇಳಿ. ಕೆಲವು ಜಿಎಲ್-5 ಆಯಿಲ್‌ಗಳಲ್ಲಿನ ಗಂಧಕದ ಅಂಶ ಆ ಲೋಹಕ್ಕೆ ಆಗದು.

ಟೈರಿನ ಮೇಲಿನ ಗೆರೆಗಳ ಆಳ ನೋಡಿ ಮೋಸ ಹೋಗಬೇಡಿ. ಟೈರಿನ ಪಕ್ಕದಲ್ಲಿ ಅಚ್ಚಾದ ಡಾಟ್ ಸಂಕೇತದ ಕೊನೆಯ ನಾಲ್ಕು ಅಂಕಿ ಅದು ತಯಾರಾದ ವಾರ ಮತ್ತು ವರ್ಷ: 2314 ಎಂದರೆ 2014ರ 23ನೇ ವಾರ. ಮೂರೇ ಅಂಕಿಯಿದ್ದರೆ 2000ಕ್ಕಿಂತ ಹಿಂದಿನದು. ಹತ್ತು ವರ್ಷ ದಾಟಿದ್ದರೆ, ಸ್ಟೆಪ್ನಿಯೂ ಸೇರಿ, ಬದಲಿಸಿ.

ಮೊದಲ ಸವಾರಿ ಖಾಲಿ ಜಾಗದಲ್ಲಿ, ಗಂಟೆಗೆ 20 ಕಿ.ಮೀ. ದಾಟದಂತೆ, ಪದೇ ಪದೇ ಬ್ರೇಕ್ ಹಾಕಿ ನೋಡುತ್ತ. ಕಾರು ಒಂದು ಕಡೆಗೆ ಎಳೆದರೆ ಮುಂದೆ ಹೋಗಬೇಡಿ. ಐದು ಕಿ.ಮೀ. ಆದ ಮೇಲೆ ಇಳಿದು ಪ್ರತಿ ಡ್ರಮ್ಮಿನ ಹತ್ತಿರ ಅಂಗೈ ಹಿಡಿದು ನೋಡಿ. ಒಂದು ಮಾತ್ರ ಬಹಳ ಕಾದಿದ್ದರೆ ಅಲ್ಲಿ ಬ್ರೇಕ್ ಹಿಡಿಯುತ್ತಿದೆ ಅಥವಾ ಬೇರಿಂಗ್ ಒಣಗಿದೆ. ಎಂಬತ್ತು ಕಿ.ಮೀ. ಆಸುಪಾಸಿನಲ್ಲಿ ವೀಲ್ ನಟ್ಟುಗಳನ್ನು ಮತ್ತೆ ಬಿಗಿಯಿರಿ, ಐನೂರಕ್ಕೆ ಆಯಿಲ್, ವಾಲ್ವ್ ಕ್ಲಿಯರೆನ್ಸ್, ಬ್ರೇಕ್ ಅಡ್ಜಸ್ಟ್‌ಮೆಂಟ್ ನೋಡಿ. ಅಲ್ಲಿಂದ ಮುಂದೆ ಎರಡು ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ರಸ್ತೆಯ ಮೇಲೆ ಓಡಬೇಕು. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡಿದರೆ ಆಯಿಲ್‌ನಲ್ಲೂ ಸೈಲೆನ್ಸರಿನಲ್ಲೂ ನೀರು ಕೂರುತ್ತದೆ, ಆರಿಹೋಗುವಷ್ಟು ಬಿಸಿ ಬಂದಿರುವುದಿಲ್ಲ. ಹಾಗೆ ಮಾಡುವ ಬದಲು ಸ್ಟಾರ್ಟ್ ಮಾಡದೆ ಬಿಡುವುದೇ ವಾಸಿ.